ಎದುರಾಳಿಗೆ ಮೊದಲ ಮಣೆ

ಕಳೆದ ವಾರ ನನ್ನ ತಂಗಿಯ ಮಗಳು ಧಾರವಾಡದಿಂದ ಫೋನು ಮಾಡಿದ್ದಳು. ಅವಳು ಅಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವುದು ನಮ್ಮ ಬಂಧುಬಳಗಕ್ಕೆಲ್ಲ ತಿಳಿದ ಸಂಗತಿಯೇ. ಸದಾ ನಗುತ್ತ ಮಾತಾಡುವ ಹುಡುಗಿಯ ದನಿ ಅಂದು ಭಾರವಾಗಿತ್ತು.

"ಮಾಮಾ, ಎಂಟು ಪುಟ ಬರದಿದ್ದೆ. ನಮ್ಮ ಸರ್ ಮಾರ್ಕ್ಸ್ ಹಾಕದ ಹಂಗ ತಿರುಗಿ ಕೊಟ್ಟಾರ. ಕಡೀ ಪುಟದಾಗ ಒಂದ ಸಾಲು ಬರದಾರ, ‘ಗೋವಾದವರು ಇದನ್ನು ಓದಿದರೆ ಏನು ಹೇಳುತ್ತಾರೆ?’ ಅಂತ. ಗೋವಾದವರು ಏನರ ಹೇಳ್ಲಿ, ನನಗ್ಯಾಕ ಬೇಕದು?"

ಅವಳ ಪ್ರಬಂಧದ ವಿಷಯ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸುವುದು ನ್ಯಾಯವೇ ಎಂಬುದು. ಅವಳು ನರಗುಂದದ ಮಗಳು. 2015ರ ಜುಲೈಯಲ್ಲಿ ಅಲ್ಲಿ ಕಳಸಾ-ಬಂಡೂರಿ ಹೋರಾಟ ಕಾವೇರಿದಾಗ ಶಾಲೆಗೆ ಹೋಗುವ ಹುಡುಗಿ. ಅವಳಪ್ಪ ಎಷ್ಟೋ ದಿನ ಆ ಧರಣಿಯ ಮಂಟಪದಲ್ಲಿ ಕುಳಿತುಬಂದವರು. ಅಂಥ ಮನೆಯ ಹುಡುಗಿಗೆ ಗೋವಾದವರ ಮಾತು ಏಕೆ ಬೇಕು ಎನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಾನು ನಕ್ಕೆ. ಅವಳಿಗೆ ಇನ್ನೂ ಸಿಟ್ಟು ಬಂತು. ನಾನು ನಕ್ಕದ್ದು ಅವಳನ್ನು ಕಂಡಲ್ಲ, ನಲವತ್ತು ವರ್ಷಗಳ ಹಿಂದಿನ ನನ್ನನ್ನು ಕಂಡು ಎಂಬುದನ್ನು ಫೋನಿನಲ್ಲಿ ಹೇಳಿ ಮುಗಿಸುವುದು ಆಗಲಿಲ್ಲ. ಬರೆದು ತಿಳಿಸುತ್ತೇನೆ ಎಂದೆ. ವಿಶ್ವವಿದ್ಯಾಲಯದ ಮೆಟ್ಟಿಲೇರಿದ ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಈಚೆಗೆ ಇಂಥದೇ ಪ್ರಶ್ನೆ ಕೇಳುತ್ತಿರುವುದರಿಂದ ಎಲ್ಲರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಮೂವತ್ತಕ್ಕೂ ಹೆಚ್ಚು ವರ್ಷ ನಿಮಗೆಲ್ಲ ಪ್ರಬಂಧ ಬರೆಸಿದವನು ನಾನು. ನನ್ನ ವಿಷಯ ಸಮಾಜ ವಿಜ್ಞಾನವಾದರೂ ಕನ್ನಡದ ಮಾಸ್ತರು ಇಲ್ಲದ ವರ್ಷಗಳಲ್ಲಿ ಆ ತರಗತಿಯೂ ನನ್ನ ಪಾಲಿಗೆ ಬರುತ್ತಿತ್ತು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹಲಗೆಯ ಮೇಲೆ ಮೂರು ಸಾಲು ಬರೆದು ‘ಗ್ರಂಥಾಲಯಗಳ ಮಹತ್ವ’, ‘ರಾಷ್ಟ್ರೀಯ ಹಬ್ಬಗಳು’ ಎಂಬ ವಿಷಯ ಕೊಡುತ್ತಿದ್ದೆ. ಗ್ರಂಥಾಲಯ ಬೇಡವೆನ್ನುವವರು ಲೋಕದಲ್ಲಿ ಯಾರಿದ್ದಾರೆ? ಯಾರೂ ಅಲ್ಲವೆನ್ನದ ಮಾತನ್ನು ಅಂದವಾಗಿ ಹೇಳುವುದೇ ಪ್ರಬಂಧವೆಂದು ನೀವು ಕಲಿತಿರಿ, ನಾನು ಕಲಿಸಿದೆ. ಶುದ್ಧ ಬರವಣಿಗೆಗೆ ಅದು ಬೇಕು, ನಿಜ. ಆದರೆ ವಿಶ್ವವಿದ್ಯಾಲಯದಲ್ಲಿ ಕೇಳುವ ವಾದಪ್ರಬಂಧ ಬೇರೆಯೇ ಜಾತಿಯದು. ಬುದ್ಧಿಯುಳ್ಳ ಇಬ್ಬರು ಒಂದೇ ಸಂಗತಿಯನ್ನು ನೋಡಿ ಎರಡು ಬಗೆಯಾಗಿ ತಿಳಿಯುವ ಜಾಗದಿಂದ ಅದು ಆರಂಭವಾಗುತ್ತದೆ. ಭಿನ್ನಾಭಿಪ್ರಾಯವಿಲ್ಲದ ಕಡೆ ಅದಕ್ಕೆ ಕೆಲಸವೇ ಇಲ್ಲ.

ಇದನ್ನು ನಾನು ಕಲಿತದ್ದು 1982ರಲ್ಲಿ. ಯಾವಗಲ್ಲಿನ ಎರಿ ಹೊಲದ ಮನೆಯಿಂದ ಹೊರಟು, ಬಿ.ಎ. ಮುಗಿಸಿ, ಧಾರವಾಡದ ಪಾವಟೆನಗರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಎರಡನೆಯ ವರ್ಷದಲ್ಲಿದ್ದೆ. ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದು ತಂದವನೆಂಬ ಹೆಮ್ಮೆ ತಲೆಗೇರಿದ ಕಾಲವದು. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಮಾತನ್ನು ಕೇಳಿಸಿಕೊಳ್ಳುವುದು ಅವನು ಎಲ್ಲಿ ಎಡವುತ್ತಾನೆಂದು ಹುಡುಕಲು ಮಾತ್ರ. ಚಪ್ಪಾಳೆ ಬಿದ್ದರೆ ಗೆದ್ದಂತೆ. ನಮ್ಮ ಪ್ರಾಧ್ಯಾಪಕರೊಬ್ಬರು ಸೆಮಿನಾರಿಗೆಂದು ಪ್ರತಿಯೊಬ್ಬರೂ ಒಂದು ವಾದಪ್ರಬಂಧ ಬರೆದುತರಬೇಕೆಂದಾಗ ನಾನು ಆರಿಸಿಕೊಂಡ ವಿಷಯ ಬೆಟರ್‌ಮೆಂಟ್ ಲೆವಿ.

ಇಂದಿನ ಮಕ್ಕಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ನರಗುಂದ ನವಲಗುಂದಗಳ ಕಡೆಗೆ ಕಾಲುವೆ ಹರಿಸಿದರು. ನೀರಾವರಿ ಬಂದರೆ ಹೊಲದ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಒಂದು ಪಾಲನ್ನು ಹೊಲದೊಡೆಯನು ಸರಕಾರಕ್ಕೆ ಕೊಡಬೇಕು ಎಂಬುದು ಲೆವಿಯ ಲೆಕ್ಕ. ನೀರಿನ ಕರ ಬೇರೆ, ಇದು ಬೇರೆ. ರೈತರು ಹೇಳಿದ್ದು, ಕಾಲುವೆ ಕಾಗದದ ಮೇಲೆ ಬಂದಿದೆ, ಹೊಲಕ್ಕೆ ನೀರು ಬಂದಿಲ್ಲ ಎಂದು. ಅದೇ ಹೊತ್ತಿಗೆ ಹತ್ತಿಯ ಬೆಲೆಯೂ ಕುಸಿದಿತ್ತು. ಬಾಕಿ ವಸೂಲಿಯ ಒತ್ತಡ ಹೆಚ್ಚಿ, 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಗೋಲಿಬಾರು ನಡೆಯಿತು. ರೈತರು ಬಲಿಯಾದರು. ನರಗುಂದದಲ್ಲಿ ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಆಗ ಮುಖ್ಯಮಂತ್ರಿಯಾಗಿದ್ದವರು ಗುಂಡೂರಾಯರು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು ಆ ಘಟನೆಯ ಬೆನ್ನಿಗೇ. ಇಂದಿಗೂ ಪ್ರತಿ ವರ್ಷ ಜುಲೈ 21ರಂದು ನರಗುಂದದ ವೀರಗಲ್ಲಿಗೆ ಮಾಲೆ ಹಾಕುವುದನ್ನು ನೀವು ನೋಡಿದ್ದೀರಿ.

ನನ್ನ ಸೋದರಮಾವ ನರಗುಂದ ತಾಲ್ಲೂಕಿನ ಒಂದು ಹಳ್ಳಿಯ ಒಕ್ಕಲಿಗ. ಅವನಿಗೂ ಲೆವಿಯ ನೋಟೀಸು ಬಂದಿತ್ತು. ಆ ದಿನ ಅವನು ನರಗುಂದದಲ್ಲಿದ್ದ. ಎರಡು ದಿನ ಮನೆಗೆ ಬರಲಿಲ್ಲ. ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಇಷ್ಟೆಲ್ಲ ಕಣ್ಣಾರೆ ಕಂಡವನಿಗೆ ಪ್ರಬಂಧ ಬರೆಯಲು ಇನ್ನೇನು ಬೇಕು? ಹದಿನಾಲ್ಕು ಪುಟ ಬರೆದೆ. ಮಣ್ಣಿನ ಮಕ್ಕಳು, ಬೆವರು, ನೆತ್ತರು, ದಬ್ಬಾಳಿಕೆ ಯಾವುದೂ ಬಾಕಿ ಉಳಿಯಲಿಲ್ಲ. ಸತ್ತ ಪೊಲೀಸರ ಸಂಗತಿ ಮಾತ್ರ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮರೆತು ಬಿಟ್ಟದ್ದಲ್ಲ, ತಿಳಿದೇ ಬಿಟ್ಟದ್ದು.

ಪ್ರಾಧ್ಯಾಪಕರು ನನ್ನನ್ನು ಕೋಣೆಗೆ ಕರೆದರು. ಹದಿನಾಲ್ಕು ಪುಟಗಳನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, "ತಮ್ಮಾ, ಭಾಷಣ ಛಲೋ ಆಗೇದ. ಆದ್ರ ನೀವು ಯಾರ ಜೋಡಿ ವಾದ ಮಾಡಾಕತ್ತೀರಿ?" ಎಂದು ಕೇಳಿದರು. ಸರಕಾರದ ಜೊತೆಗೆ ಎಂದೆ. "ಇದರಾಗ ಸರಕಾರ ಎಲ್ಲಿ ಅದ? ಅದು ಒಂದ ಮಾತೂ ಆಡಿಲ್ಲಲ್ಲ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ನಮ್ಮ ಹಿಂದಿನ ಶಾಸ್ತ್ರಕಾರರು ಸಿದ್ಧಾಂತ ಹೇಳುವ ಮೊದಲು ಪೂರ್ವಪಕ್ಷವನ್ನು ಹೇಳುತ್ತಿದ್ದರು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ದಲ್ಲಿ ಆಸ್ತಿಯ ಪಾಲಿನ ವಿಚಾರ ಎತ್ತಿಕೊಂಡಾಗ, ಪಾಲು ಮಾಡಿದ ಮೇಲೆ ಸ್ವತ್ತಿನ ಹಕ್ಕು ಹುಟ್ಟುತ್ತದೆಯೋ, ಮೊದಲೇ ಇದ್ದ ಹಕ್ಕನ್ನು ಪಾಲು ಮಾಡುತ್ತಾರೆಯೋ ಎಂದು ಕೇಳುತ್ತಾನೆ. ಹುಟ್ಟಿನಿಂದಲೇ ಮಗನಿಗೆ ಹಕ್ಕು ಎಂಬುದು ಅವನ ಮತ. ಆದರೂ ತನಗೆ ಒಪ್ಪಿಗೆಯಿಲ್ಲದ ಪಕ್ಷದ ಕಾರಣಗಳನ್ನು ಮೊದಲು ಕ್ರಮವಾಗಿ ಇಟ್ಟು, ಆಮೇಲೆ ಒಂದೊಂದಕ್ಕೂ ಉತ್ತರ ಕೊಡುತ್ತಾನೆ. ಮನೆಗೆ ಬಂದ ಎದುರಾಳಿಗೆ ಮೊದಲು ಮಣೆ ಹಾಕಿ ಕೂಡಿಸಬೇಕು, ನೀರು ಕೊಡಬೇಕು, ಅವನ ಮಾತು ಮುಗಿಯುವತನಕ ಕೇಳಬೇಕು, ಆಮೇಲೆ ನಿಮ್ಮ ಮಾತು, ಎಂದರು ಪ್ರಾಧ್ಯಾಪಕರು. ಪೂರ್ವಪಕ್ಷ ಸರಿಯಾಗಿದೆಯೋ ಇಲ್ಲವೋ ಎಂಬುದಕ್ಕೆ ಅವರು ಕೊಟ್ಟ ಒರೆಗಲ್ಲು ಒಂದೇ. ನೀವು ಬರೆದದ್ದನ್ನು ಎದುರು ಪಕ್ಷದವನು ಓದಿ, ಹೌದು, ನಾನು ಹೇಳುವುದು ಇದನ್ನೇ, ಎನ್ನಬೇಕು.

ಹದಿನೈದು ದಿನ ಗ್ರಂಥಾಲಯದಲ್ಲಿ ಕುಳಿತೆ. ಲೆವಿಯ ಕಾಯಿದೆ ಓದಿದೆ. ಹಳೆಯ ‘ಸಂಯುಕ್ತ ಕರ್ನಾಟಕ’, ‘ಪ್ರಜಾವಾಣಿ’ಗಳ ಕಟ್ಟುಗಳನ್ನು ತಿರುವಿದೆ. ಸರಕಾರದ ಪಕ್ಷ ಕಾಗದದ ಮೇಲೆ ಸಿಕ್ಕಿತು, ಆದರೆ ಅದು ನನ್ನ ಮನಸ್ಸಿಗೆ ತಟ್ಟಿದ್ದು ಗ್ರಂಥಾಲಯದಲ್ಲಲ್ಲ. ದಸರೆಗೆ ಊರಿಗೆ ಹೋದಾಗ ಅಪ್ಪನ ಮುಂದೆ ಲೆವಿಯ ಮಾತು ತೆಗೆದೆ. ಅಪ್ಪನ ಹೊಲಕ್ಕೆ ಕಾಲುವೆ ನೀರು ಬಂದಿರಲಿಲ್ಲ. ಮಳೆಯನ್ನೇ ನಂಬಿ ಹಿಂಗಾರಿ ಜೋಳ, ಕಡಲೆ ಬಿತ್ತುತ್ತಿದ್ದ. ಅವನು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ನಮ್ಮ ಹೊಲಕ್ಕ ನೀರೂ ಇಲ್ಲ, ಲೆವೀನೂ ಇಲ್ಲ. ಆದ್ರ ಆ ಆಣೆಕಟ್ಟಿಗೆ ಹಾಕಿದ ರೊಕ್ಕದಾಗ ನಮ್ಮದೂ ಒಂದ ಪೈ ಇರಬೇಕಲ್ಲ? ನೀರ ಉಂಡವರು ಒಂದೀಟು ತಿರುಗಿ ಕೊಡೂದು ತಪ್ಪಂತೀ ಏನ?"

ನಾನು ದಂಗಾದೆ. ಸರಕಾರದ ಪಕ್ಷದ ಅತಿ ಗಟ್ಟಿಯಾದ ಮಾತು ವಿಧಾನಸೌಧದಲ್ಲಿರಲಿಲ್ಲ, ನಮ್ಮ ಪಡಸಾಲೆಯಲ್ಲಿ ಕುಳಿತು ಎಲೆ ಹಾಕಿಕೊಳ್ಳುತ್ತಿತ್ತು. ಎಲ್ಲರ ಹಣದಿಂದ ಕಟ್ಟಿದ ಕಾಲುವೆಯ ಲಾಭ ಕೆಲವರಿಗೆ ಮಾತ್ರ ದೊರೆತಾಗ, ಲಾಭ ಪಡೆದವನು ಪಡೆಯದವನಿಗೆ ಏನೂ ಸಲ್ಲಿಸಬೇಕಾಗಿಲ್ಲವೇ? ಈ ಪ್ರಶ್ನೆಗೆ ನನ್ನ ಹದಿನಾಲ್ಕು ಪುಟಗಳಲ್ಲಿ ಉತ್ತರವಿರಲಿಲ್ಲ, ಪ್ರಶ್ನೆಯೇ ಇರಲಿಲ್ಲ.

ಮರುದಿನ ವಹಿ ಹಿಡಿದು ಮಾವನ ಊರಿಗೆ ಹೋದೆ. ಆ ಹಿಂದೆ ಎಷ್ಟೋ ಸಲ ಅವನ ಕಥೆ ಕೇಳಿದ್ದೆ, ಆದರೆ ಪ್ರಶ್ನೆ ಕೇಳಿದ್ದು ಅದೇ ಮೊದಲು. ನೋಟೀಸು ಎಷ್ಟು ಎಕರೆಗೆ ಬಂತು? ಆರು ಎಕರೆಗೆ. ನೀರು ಎಷ್ಟಕ್ಕೆ ಹರಿಯಿತು? ಎರಡಕ್ಕೆ. ಉಳಿದದ್ದಕ್ಕೆ ಏಕಿಲ್ಲ? ಹೊಲ ಎತ್ತರ, ಸಣ್ಣ ಕಾಲುವೆ ಅಲ್ಲಿಗೆ ಏರುವುದಿಲ್ಲ. ನೀರು ಬಂದ ಎರಡು ಎಕರೆಗೆ ಲೆವಿ ಕೊಡುವುದಕ್ಕೆ ನಿನ್ನ ತಕರಾರಿತ್ತೇ? ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀರ ಕೊಟ್ಟಿದ್ರ ಕೊಡತಿದ್ವಿ. ಪೀಕ ಕೈಗೆ ಬಂದಮ್ಯಾಲೆ ಕೇಳಿದ್ರ ಕೊಡತಿದ್ವಿ" ಎಂದ.

ನನ್ನ ಪ್ರಬಂಧದ ವಾದ ಹುಟ್ಟಿದ್ದು ಅಲ್ಲಿ. ಲೆವಿ ಎಂಬುದೇ ಅನ್ಯಾಯ ಎಂಬುದು ನನ್ನ ಮೊದಲ ಮಾತಾಗಿತ್ತು. ಈಗ ಅದು ಹೀಗಾಯಿತು: ಲೆವಿಯ ತತ್ತ್ವದಲ್ಲಿ ನ್ಯಾಯವಿದೆ, ಆದರೆ ನೀರು ಮುಟ್ಟದ ಭೂಮಿಯನ್ನು ಮುಟ್ಟಿದ ಭೂಮಿಯೊಡನೆ ಸೇರಿಸಿ ಲೆಕ್ಕ ಹಾಕಿದ್ದು, ಬೆಳೆಯ ಬೆಲೆ ಬಿದ್ದ ಹೊತ್ತಿನಲ್ಲಿ ವಸೂಲಿಗೆ ಇಳಿದದ್ದು, ಇವು ಆ ತತ್ತ್ವಕ್ಕೇ ವಿರುದ್ಧ. ಮೊದಲಿನ ಮಾತಿಗಿಂತ ಇದು ಚಿಕ್ಕದು. ಆದರೆ ನಮ್ಮಪ್ಪನೂ ಅಲ್ಲಗಳೆಯಲಾಗದಂಥದು. ವಾದ ಕಿರಿದಾದಷ್ಟೂ ಗಟ್ಟಿಯಾಗುತ್ತದೆ ಎಂಬುದು ನನಗೆ ಆಗ ತಿಳಿಯಿತು. ಎರಿ ಹೊಲದಲ್ಲಿ ಕುಂಟೆ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಂಟೆ ಅಗಲವಾದರೆ ಮೇಲೆ ಮೇಲೆ ಕೆರೆಯುತ್ತದೆ, ಆಳಕ್ಕೆ ಇಳಿಯುವುದಿಲ್ಲ.

ಏಳುವ ಮೊದಲು ಅಳುಕುತ್ತಲೇ ಸತ್ತ ಪೊಲೀಸರ ಮಾತು ತೆಗೆದೆ. ಅದನ್ನು ಬರೆಯಲೋ ಬಿಡಲೋ ಎಂದು ಕೇಳಿದೆ. ಮಾವ ನೆಲ ನೋಡುತ್ತ ಕುಳಿತ. ಬಹಳ ಹೊತ್ತಿನ ಮೇಲೆ, "ಅವರೂ ಯಾರದೋ ಮನೀ ಮಕ್ಕಳು. ಅದನ್ನೂ ಬರಿ" ಎಂದ.

ಎರಡನೆಯ ಬರವಣಿಗೆ ಒಂಬತ್ತು ಪುಟವಾಯಿತು. ಒಯ್ದು ತೋರಿಸಿದಾಗ ಪ್ರಾಧ್ಯಾಪಕರು ಮತ್ತೊಂದು ತಕರಾರು ತೆಗೆದರು. ನಿಮ್ಮ ಮಾವನ ಹೊಲ ಉದಾಹರಣೆಯಾಯಿತು, ಪುರಾವೆ ಆಗಲಿಲ್ಲ, ಒಂದು ಹೊಲ ಕಂಡು ಇಡೀ ತಾಲ್ಲೂಕಿನ ಮಾತು ಹೇಳಬಹುದೇ, ಎಂದರು. ಮತ್ತೆ ಪತ್ರಿಕೆಗಳಿಗೆ ಹೋದೆ. ಬೇರೆ ಬೇರೆ ಊರುಗಳ ರೈತರು ಅದೇ ದೂರು ಕೊಟ್ಟ ವರದಿಗಳನ್ನು ದಿನಾಂಕ ಸಹಿತ ಅಡಿಟಿಪ್ಪಣಿಯಲ್ಲಿ ಕೊಟ್ಟೆ. ‘ಎಲ್ಲ ರೈತರಿಗೂ’ ಎಂದಿದ್ದಲ್ಲಿ ‘ಅನೇಕ ರೈತರಿಗೆ’ ಎಂದು ತಿದ್ದಿದೆ. ಕಾಲುವೆಯ ಬುಡದಲ್ಲಿ ನೀರು ಧಾರಾಳವಾಗಿ ಪಡೆದವರೂ ಇದ್ದರು ಎಂಬ ಸಾಲನ್ನು ಸೇರಿಸಿದೆ. ಹೀಗೆ ಒಂದೊಂದು ಶಬ್ದ ತಿದ್ದುವಾಗಲೂ ನಮ್ಮವರಿಗೆ ದ್ರೋಹ ಮಾಡುತ್ತಿದ್ದೇನೆಂಬ ಕಸಿವಿಸಿ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ದೀಪಾವಳಿಗೆ ಮಾವನ ಮನೆಗೆ ಹೋಗಿ ಓದಿ ತೋರಿಸಿದೆ. ಸರಕಾರದ ಪಕ್ಷವನ್ನು ಓದುವಾಗ ಅವನ ಮುಖ ಬಿಗಿಯಿತು. "ಸರಕಾರದ ವಕೀಲಿ ಮಾಡಾಕ ಕಲತಿ ಏನ?" ಎಂದು ಎದ್ದು ದನದ ಕೊಟ್ಟಿಗೆಗೆ ನಡೆದ. ಅತ್ತೆ ನನ್ನ ಮುಖ ನೋಡಿದಳು. ಹಾಳೆಗಳನ್ನು ಮಡಚಿಡಬೇಕೆನ್ನಿಸಿತು. ಎತ್ತುಗಳಿಗೆ ಮೇವು ಹಾಕಿ ಬಂದು ಕಂಬಕ್ಕೆ ಒರಗಿ ಕುಳಿತು, "ಮುಂದ ಓದು" ಎಂದ. ಕೊನೆಯತನಕ ಓದಿದೆ. ಛಲೋ ಆಗೇದ ಎನ್ನಲಿಲ್ಲ, ಆಗಿಲ್ಲ ಎನ್ನಲಿಲ್ಲ. ನಾನು ಹೊರಡುವಾಗ ಬಾಗಿಲತನಕ ಬಂದು ಹೇಳಿದ್ದು ಇಷ್ಟೇ: "ನೀರು ಹರದದ್ದು ಎರಡು ಎಕರೆಗಲ್ಲೋ, ಎರಡೂವರೆಗೆ. ಅವತ್ತ ಸಿಟ್ಟಿನಾಗ ಹೇಳಿದ್ದೆ. ತಿದ್ದು."

ಆ ಅರ್ಧ ಎಕರೆ ನಮ್ಮ ಪಕ್ಷಕ್ಕೆ ವಿರುದ್ಧವಾದದ್ದು. ಯಾರೂ ಕೇಳಿರಲಿಲ್ಲ, ಯಾರಿಗೂ ತಿಳಿಯುವಂತಿರಲಿಲ್ಲ. ಆದರೂ ಅವನೇ ಹೇಳಿದ. ಶಾಲೆಯ ಮುಖವನ್ನು ಸರಿಯಾಗಿ ಕಾಣದ ನನ್ನ ಮಾವ ಅಂದು ಮಾಡಿದ್ದನ್ನು ಮಾಡಲು ಪದವೀಧರರಿಗೂ ಕಷ್ಟ. ಪ್ರಾಧ್ಯಾಪಕರು ಕೊಟ್ಟ ಅಂಕ ಎಷ್ಟೆಂದು ಈಗ ನೆನಪಿಲ್ಲ. ಬಸ್ಸಿನಲ್ಲಿ ಕುಳಿತು ‘ಎರಡು’ ಎಂಬುದನ್ನು ಹೊಡೆದು ‘ಎರಡೂವರೆ’ ಎಂದು ಬರೆದದ್ದು ನೆನಪಿದೆ.

ಇನ್ನು, ಪುರಾವೆ ಸಿಕ್ಕರೆ ಸಾಲದು, ಅದನ್ನು ಓದುವುದನ್ನೂ ಕಲಿಯಬೇಕು ಎಂಬುದಕ್ಕೆ ನಮ್ಮ ನೆಲದ್ದೇ ಒಂದು ನಿದರ್ಶನ ಕೊಡುತ್ತೇನೆ. ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡೆಂದು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ನಡುವಿನ ಸೀಮೆಯನ್ನು ಗುರುತಿಸುತ್ತದೆಂದು ನಿಮಗೆ ಪಾಠ ಮಾಡಿದ್ದೆ, ನಮ್ಮ ಯಾವಗಲ್ಲು ಆ ನಾಲ್ಕರ ನಡುವೆಯೇ ಬರುತ್ತದೆ ಎಂದು ಹೇಳುವಾಗ ನನ್ನ ಎದೆ ಉಬ್ಬುತ್ತಿತ್ತು. ಆ ಗ್ರಂಥ ಬರೆದವರು ಯಾರು? 1898ರಲ್ಲಿ ಅದನ್ನು ಸಂಪಾದಿಸಿದ ಕೆ.ಬಿ. ಪಾಠಕರು ನೃಪತುಂಗನದೆಂದರು. ಶ್ರೀವಿಜಯನದೆಂದು ಮತ್ತೆ ಕೆಲವು ವಿದ್ವಾಂಸರು ವಾದಿಸಿದರು. ಎರಡೂ ಪಕ್ಷದವರ ಕೈಯಲ್ಲಿದ್ದುದು ಒಂದೇ ಗ್ರಂಥ. ಅದು ನೃಪತುಂಗದೇವನಿಗೆ ಅನುಮತವಾದದ್ದು ಎಂಬ ಮಾತು ಗ್ರಂಥದಲ್ಲೇ ಬರುತ್ತದೆ. ದೊರೆ ತಾನೇ ಬರೆದರೆ ತನ್ನ ಅನುಮತಿ ತಾನೇ ಏಕೆ ಪಡೆದಾನು ಎಂದು ಒಂದು ಪಕ್ಷ ಕೇಳಿದಾಗ ಆ ಒಂದು ಶಬ್ದವೇ ವಾದದ ಕೀಲಾಯಿತು. ಇಂದು ಶ್ರೀವಿಜಯನ ಪಕ್ಷವೇ ಹೆಚ್ಚು ಮನ್ನಣೆ ಪಡೆದಿದೆ. ಗಟ್ಟಿ ದನಿಯಿಂದ ಗೆದ್ದ ವಾದವಲ್ಲ ಅದು, ಒಂದು ಶಬ್ದವನ್ನು ನಿಧಾನವಾಗಿ ಓದಿದ್ದರಿಂದ ಬಲ ಪಡೆದದ್ದು.

ಈಗ ಸೊಸೆಯ ಎಂಟು ಪುಟಗಳಿಗೆ ಬರುತ್ತೇನೆ. ಅವಳು ಅವನ್ನು ನನಗೆ ವಾಟ್ಸಾಪಿನಲ್ಲಿ ಕಳಿಸಿದ್ದಳು. ಯವ್ವಾ, ಸಿಟ್ಟಾಗದೆ ಓದು.

ನೀನು ಬರೆದಿದ್ದೀ, ನ್ಯಾಯಮಂಡಳಿಯೇ ನಮಗೆ 13.42 ಟಿಎಂಸಿ ಕೊಟ್ಟಿದೆ, ಇನ್ನು ಮಲಪ್ರಭೆಗೆ ನೀರು ತರಲು ಅಡ್ಡಿಯೇನು ಎಂದು. 2010ರಲ್ಲಿ ರಚನೆಯಾದ ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕೊಟ್ಟ ತೀರ್ಪಿನ ಮೊತ್ತ ಅದೇ, ತಪ್ಪಿಲ್ಲ. ಆದರೆ ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ, 1.50 ಆ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಕೊಟ್ಟದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಮಾತ್ರ. ಕರ್ನಾಟಕ ಕೇಳಿದ್ದು 7.56. ನಿನ್ನ ಎಂಟು ಪುಟಗಳಲ್ಲಿ ಈ 3.90 ಎಲ್ಲಿಯೂ ಬರುವುದಿಲ್ಲ. ನಿನ್ನ ಎರಡೂವರೆ ಎಕರೆ ಅದು. ಮೊದಲು ಅದನ್ನು ತಿದ್ದು.

ಎರಡನೆಯದು, ಗೋವಾದವರಿಗೆ ಮಣೆ ಹಾಕು. ಭೀಮಗಡದ ಕಡೆ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿದ ನದಿ ಗೋವಾಕ್ಕೆ ಇಳಿದು ಮಾಂಡವಿಯಾಗಿ ಪಣಜಿಯ ಬಳಿ ಸಮುದ್ರ ಸೇರುತ್ತದೆ. ನಮಗೆ ಮಲಪ್ರಭೆ ಹೇಗೋ ಅವರಿಗೆ ಅದು ಹಾಗೆ. ಮೇಲಿನಿಂದ ನೀರು ಕಡಿಮೆಯಾದರೆ ಸಮುದ್ರದ ಉಪ್ಪುನೀರು ಒಳಗೆ ಏರಿ ಬರುತ್ತದೆ, ಕಾಡಿಗೂ ಕಾಡಿನ ಪ್ರಾಣಿಗಳಿಗೂ ಕೇಡು, ಒಂದು ಕಣಿವೆಯ ನೀರನ್ನು ಮತ್ತೊಂದು ಕಣಿವೆಗೆ ಸಾಗಿಸುವುದು ಸಲ್ಲದು ಎನ್ನುತ್ತಾರೆ ಅವರು. ಈ ಮಾತುಗಳನ್ನು ಒಬ್ಬ ಗೋವಾದ ಹುಡುಗಿ ಓದಿ, ಹೌದು, ಇದೇ ನಮ್ಮ ಮಾತು, ಎನ್ನುವ ಹಾಗೆ ಒಂದು ಪುಟ ಬರಿ. ಅಣಕವಿರಬಾರದು, ವ್ಯಂಗ್ಯವಿರಬಾರದು.

ಮೂರನೆಯದು, ಅದರಲ್ಲಿ ಯಾವುದನ್ನು ಒಪ್ಪುತ್ತೀ ಎಂಬುದನ್ನು ಹೇಳು. ಕಾಡಿನ ಮಾತನ್ನು ಒಪ್ಪುವುದಾದರೆ ಒಪ್ಪು. ಒಪ್ಪಿದ್ದರಿಂದ ನಿನ್ನ ಪಕ್ಷ ಬೀಳುವುದಿಲ್ಲ. ಯಾವ ಶರತ್ತಿನ ಮೇಲೆ ನಿಲ್ಲುತ್ತದೆಂಬುದು ತಿಳಿಯುತ್ತದೆ. ಆಗ ‘ಮಹದಾಯಿ ನೀರು ನಮ್ಮದು’ ಎಂಬ ಘೋಷಣೆಯ ಜಾಗದಲ್ಲಿ ಒಂದು ವಾದ ಹುಟ್ಟೀತು. ಹುಬ್ಬಳ್ಳಿ-ಧಾರವಾಡಕ್ಕೂ ಮಲಪ್ರಭೆಯನ್ನು ನಂಬಿದ ಊರುಗಳಿಗೂ ಕುಡಿಯುವ ನೀರಿನ ಅಗತ್ಯ ಎಷ್ಟು, ನ್ಯಾಯಮಂಡಳಿ ಕೊಟ್ಟ 3.90 ಟಿಎಂಸಿ ಆ ಅಗತ್ಯಕ್ಕೆ ಹೇಗೆ ಹೊಂದುತ್ತದೆ, ಗೋವಾದ ಯಾವ ಆತಂಕಕ್ಕೆ ತೀರ್ಪಿನಲ್ಲೇ ಉತ್ತರವಿದೆ, ಯಾವುದಕ್ಕೆ ಇಲ್ಲ, ಇವನ್ನು ತೋರಿಸು. ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಸಿಕ್ಕ ಆ ತೀರ್ಪನ್ನು ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿವೆ, ಕೇಂದ್ರ ಸರಕಾರ 2020ರಲ್ಲಿ ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿದೆ ಎಂಬುದನ್ನೂ ಮರೆಯಬೇಡ. ಪ್ರತಿ ಪ್ಯಾರಾದ ಮೊದಲ ಸಾಲುಗಳನ್ನಷ್ಟೇ ಆರಿಸಿ ಓದಿದರೆ ವಾದದ ನಡೆ ತಿಳಿಯಬೇಕು. ತಿಳಿಯದಿದ್ದರೆ ಆ ಪ್ಯಾರಾ ತಪ್ಪಿದ ಜಾಗದಲ್ಲಿದೆ, ಇಲ್ಲವೆ ಬೇಡವಾದದ್ದು.

ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆ: "ಅಪ್ಪ ಓದಿದ್ರ ಏನಂದಾರು, ಮಾಮಾ?" ನಿಮ್ಮಪ್ಪ ಎದ್ದು ಹೊರಗೆ ಹೋಗಬಹುದು. ನಾನು ತಡೆಯಲಾರೆ, ನೀನೂ ತಡೆಯಬೇಡ. ಆದರೆ ಬಚ್ಚಿಟ್ಟು ಸರ್‌ಗೆ ಮಾತ್ರ ತೋರಿಸಬೇಡ. ಧರಣಿಯಲ್ಲಿ ಕುಳಿತವರಿಗೆ ತಮ್ಮ ಹಕ್ಕು ಎಷ್ಟೆಂದು ಲೆಕ್ಕ ಸಹಿತ ತಿಳಿದಿರುತ್ತದೆ. ನಿನ್ನ ಪುಸ್ತಕಗಳಲ್ಲಿ ಸಿಗದ ತಿದ್ದುಪಡಿ ಅವರಿಂದ ಸಿಕ್ಕೀತು.

ಮೇಲೆ ತಪ್ಪೊಪ್ಪಿಗೆ ಎಂದೆನಲ್ಲ, ಅದು ಇನ್ನೂ ಪೂರ್ತಿಯಾಗಿಲ್ಲ. ಇಷ್ಟೆಲ್ಲ ಕಲಿತು ಬಂದ ನಾನು ಶಾಲೆಯಲ್ಲಿ ಏನು ಮಾಡಿದೆ? ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ‘ಹಳ್ಳಿಯ ಜೀವನದ ಸೊಬಗು’ ಎಂಬ ಪ್ರಬಂಧ ಕೊಟ್ಟಿದ್ದೆ. ಹಸಿರು, ಹಕ್ಕಿ, ತಂಗಾಳಿ ಎಂದು ಎಲ್ಲರೂ ಬರೆದರು. ಒಬ್ಬ ಹುಡುಗಿ ಮಾತ್ರ, ನಮ್ಮ ಅವ್ವ ಬೇಸಿಗೆಯಲ್ಲಿ ದಿನಕ್ಕೆ ಎಂಟು ಕೊಡ ನೀರು ದೂರದಿಂದ ಹೊರುತ್ತಾಳೆ, ಸೊಬಗು ಎಲ್ಲಿದೆಯೋ ನನಗೆ ಕಂಡಿಲ್ಲ, ಎಂದು ಬರೆದಿದ್ದಳು. ವಿಷಯಕ್ಕೆ ಹೊರತಾಗಿದೆ ಎಂದು ಕೆಂಪು ಶಾಯಿಯಲ್ಲಿ ಬರೆದು ಐದಕ್ಕೆ ಎರಡು ಅಂಕ ಹಾಕಿದೆ. ಆ ತರಗತಿಯಲ್ಲಿ ನಿಜವಾದ ವಾದಪ್ರಬಂಧ ಬರೆದವಳು ಅವಳೊಬ್ಬಳೇ. ಅವಳ ಎದುರಾಳಿ ನಾನು ಕೊಟ್ಟ ವಿಷಯವೇ ಆಗಿತ್ತು. ಅವಳಿಗೆ ಪುರಾವೆಯಿತ್ತು, ಲೆಕ್ಕವಿತ್ತು, ಎಂಟು ಕೊಡ. ಪಾವಟೆನಗರದ ಆ ಕೋಣೆಯಲ್ಲಿ ಕಲಿತದ್ದು ಅಂದು ನನ್ನ ಕೈಯಲ್ಲಿದ್ದ ಪೆನ್ನಿಗೆ ನೆನಪಾಗಲಿಲ್ಲ.

ತಾಯಿ, ನೀನು ಇದನ್ನು ಓದುತ್ತಿದ್ದರೆ ಉಳಿದ ಮೂರು ಅಂಕಗಳನ್ನು ಈಗ ಕೊಡುತ್ತಿದ್ದೇನೆ. ತಡವಾಯಿತು, ಕ್ಷಮಿಸು. ನಿನಗೀಗ ಮಕ್ಕಳಿರಬಹುದು. ಅವರು ಮಾಸ್ತರು ಕೊಟ್ಟ ವಿಷಯವನ್ನೇ ಅಲ್ಲಗಳೆದು ಬರೆದರೆ ಬೈಯಬೇಡ. ಪುರಾವೆ ಏನೆಂದು ಕೇಳು.

ಮಾವ ತೀರಿಕೊಂಡು ಹಲವು ವರ್ಷಗಳಾದವು. ಒಂಬತ್ತು ಪುಟಗಳ ಆ ಪ್ರಬಂಧ ನನ್ನ ಟ್ರಂಕಿನಲ್ಲಿ ಇನ್ನೂ ಇದೆ, ಅಂಚು ಗೆದ್ದಲು ತಿಂದಿದೆ. ಸೊಸೆ ಮುಂದಿನ ರವಿವಾರ ನರಗುಂದಕ್ಕೆ ಬರುತ್ತಾಳಂತೆ. ಹೊಸದಾಗಿ ಬರೆದದ್ದನ್ನು ಅಪ್ಪನ ಮುಂದೆ ಓದುವಾಗ ನಾನೂ ಇರಬೇಕೆಂದು ಕೇಳಿದ್ದಾಳೆ. ಹೋಗುತ್ತೇನೆ. ಏನಾಯಿತೆಂದು ಮುಂದೊಮ್ಮೆ ತಿಳಿಸುವೆ.